ಅಚ್ಚಿನೊಳಗಿನ ಮುಖ

ಹೆಂಡತಿಯ ಪ್ರತಿಮೆ ಒಯ್ಯಲು ಬಂದವನು ಅದನ್ನು ಸರಿಯಾಗಿ ನೋಡಲೇ ಇಲ್ಲ. ಅವನ ಕಣ್ಣು ಶಿಲ್ಪಿಯ ಬೆನ್ನ ಹಿಂದಿನ ಗೋಡೆಯ ಮೇಲಿತ್ತು. ಅಲ್ಲಿ ತೂಗುಹಾಕಿದ್ದ ಪ್ಲಾಸ್ಟರ್ ಅಚ್ಚುಗಳ ನಡುವೆ ಅವಳ ಮುಖದ್ದೂ ಒಂದಿತ್ತು. ಅವಳು ಸತ್ತ ದಿನ ಇದೇ ಶಿಲ್ಪಿ ಮನೆಗೆ ಬಂದು ತೆಗೆದ ಅಚ್ಚು.

ಅವನು ಎಡಕ್ಕೆ ಸರಿದ. ಆ ಮುಖ, ಕಣ್ಣು ಮುಚ್ಚಿಕೊಂಡೇ, ಅವನ ಕಡೆ ತಿರುಗಿತು. ಬಲಕ್ಕೆ ಬಂದ. ಅದೂ ಬಂತು.

“ಆ ಅಚ್ಚು ನಾನು ಹೋದ ಕಡೆಗೇ ತಿರುಗ್ತಿದೆ.”

ಶಿಲ್ಪಿ ಪ್ರತಿಮೆಯ ಪೀಠ ಉಜ್ಜುತ್ತಲೇ ನಕ್ಕ. “ಎಲ್ಲರೂ ಹಂಗೇ ಅಂತಾರೆ ಸ್ವಾಮಿ. ಅಚ್ಚಲ್ಲಿರೋದು ಬರೀ ತಗ್ಗು. ಹುಟ್ಟಿದಾಗಿಂದ ಉಬ್ಬಿರೋ ಮುಖಾನೇ ನೋಡಿರೋ ಮಿದುಳು ತಗ್ಗಿರೋ ಮುಖಾನ ಒಪ್ಪಲ್ಲ, ತಾನೇ ಉಬ್ಬಿಸಿ ತೋರ್ಸುತ್ತೆ. ಅದಕ್ಕೇ ನೀವು ನಡೆದ್ರೆ ಅದು ತಿರುಗಿದ ಹಂಗೆ ಕಾಣೋದು.”

ಅವನಿಗೆ ಹೋದ ಜೀವ ಬಂದಂತಾಯಿತು. ಮೂರು ವಾರ ಅವಳು ಆಸ್ಪತ್ರೆಯಲ್ಲಿ ಬಾಗಿಲನ್ನೇ ನೋಡುತ್ತ ಮಲಗಿದ್ದಳೆಂದು ನರ್ಸ್ ಹೇಳಿದ್ದಳು. ಅವನು ಒಂದು ದಿನವೂ ಹೋಗಿರಲಿಲ್ಲ.

“ಆದ್ರೂ ಅವಳ ಅಚ್ಚು ಇಟ್ಕೋಬೇಡಿ. ನಾನು ಹೋದ ಮೇಲೆ ಒಡೆದು ಹಾಕಿಬಿಡಿ.”

ಶಿಲ್ಪಿಯ ಕೈ ನಿಂತಿತು. ಆಗಷ್ಟೇ ಅವನು ಹಿಂದಕ್ಕೆ ತಿರುಗಿ ಗೋಡೆಯತ್ತ ನೋಡಿದ.

“ಇಲ್ಲಿರೋವೆಲ್ಲ ನಾಟಕದ ರಾಕ್ಷಸರ ಮುಖವಾಡದ ಅಚ್ಚು ಸ್ವಾಮಿ. ಅಮ್ಮಾವ್ರ ಅಚ್ಚನ್ನ ಒಡೆದೇ ಅಲ್ವಾ ಈ ಪ್ರತಿಮೆ ಹೊರಗೆ ತೆಗೆದಿದ್ದು.”