ಹೊಸ್ತಿಲಿಲ್ಲದ ಮನೆ

"ಹೊಸ್ತಿಲೂ ಬೇಡ," ಎಂದಳು ಮಹಾಲಕ್ಷ್ಮೀ.

ತ್ರ್ಯಂಬಕ ಪೆನ್ಸಿಲು ಕೆಳಗಿಟ್ಟ. 1962ನೇ ಇಸವಿಯ ತಾರೀಖು ಹೊತ್ತ ನಕ್ಷೆಗಳಲ್ಲಿ ಇದು ಆರನೆಯದು; ಗೋಡೆ ಎದ್ದು ನೆಲ ಹಾಕಿದ ಮೇಲೂ ತಿದ್ದುಪಡಿ ನಿಂತಿರಲಿಲ್ಲ. ಓವರ್‌ಸಿಯರ್ ಆಗಿ ಮೂವತ್ತು ವರ್ಷ ಒಂದೇ ಅಚ್ಚಿನ ಸರ್ಕಾರಿ ಕ್ವಾರ್ಟರ್ಸ್ ಕಟ್ಟಿಸಿ ಬೇಸತ್ತು ನಿವೃತ್ತನಾದವನು. ಹೊನ್ನಾವರದ ಗುಡ್ಡದ ಮೇಲೆ ಹೊಸ ಕಾಲದ ಮನೆ ಒಂದಾದರೂ ತನ್ನ ಹೆಸರಲ್ಲಿ ಏಳಬೇಕೆಂಬ ಆಸೆ. ಸಿಕ್ಕಿದ್ದು ಈ ಅಕ್ಕೋರು. ಕುಮಟೆಯ ಶಾಲೆಯಲ್ಲಿ ಕಲಿಸುವವಳು, ಬಾಡಿಗೆ ಕೋಣೆಯ ಒಂಟಿ ಹೆಂಗಸು. ಕೈಯಲ್ಲಿ ಐದೇ ಸಾವಿರ, ತಲೆಯಲ್ಲಿ ನೂರೆಂಟು ಹಟ.

ಸಮುದ್ರದ ಕಡೆ ಚಾಚಿದ ಜಗಲಿ ಅವನ ಕನಸು. ದುಡ್ಡು ಸಾಲದೆಂದು ಅದನ್ನು ಹೊಡೆದುಹಾಕಿಸಿದಳು. ಉಳಿದದ್ದನ್ನು ಸುರಿದದ್ದೆಲ್ಲಿ? ದಾರಿಗೆ! ಹದಿನೆಂಟು ಮೆಟ್ಟಿಲಲ್ಲಿ ಮುಗಿಯುವ ಏರಿಗೆ, ಬಳಸಿ ಬಳಸಿ ಬರುವ ನುಣ್ಣನೆಯ ಇಳಿಜಾರು. ಕಿಟಕಿ ನೆಲದಿಂದ ಮೊಳ ಎತ್ತರಕ್ಕೆ. ಚಿಲಕ ಮೊಣಕಾಲ ಮಟ್ಟಕ್ಕೆ. ನಿಂತು ಅಡುಗೆ ಮಾಡುವ ಕಟ್ಟೆ ಬೇಡ, ಒಲೆ ನೆಲಕ್ಕೇ ಇರಲಿ.

"ಕಿಟಕಿ ಬೊಂಬಾಯಿದು, ಒಲೆ ಅಜ್ಜಿ ಕಾಲದ್ದು. ಇದೆಂತ ಫ್ಯಾಶನ್ನೋ ಮಾರಾಯ!" ಎಂದು ತ್ರ್ಯಂಬಕ ಮೇಸ್ತ್ರಿ ಜಟ್ಟನ ಹತ್ತಿರ ಗೊಣಗಿದ.

ಜಟ್ಟನಿಗೂ ಸಾಕುಸಾಕಾಗಿತ್ತು. ಸಿಮೆಂಟು ನೆಲವನ್ನು ಮೂರು ಸಲ ಉಜ್ಜಿಸಿದ್ದಳು. ಪ್ರತಿ ಸಲವೂ ಕುಕ್ಕರಗಾಲಲ್ಲಿ ಕೂತು, ಅಂಗೈ ಒತ್ತಿ ಸವರಿ, ಇನ್ನೂ ನುಣುಪಾಗಿಲ್ಲವೆಂದು ತಲೆಯಾಡಿಸುತ್ತಿದ್ದಳು.

"ಅಕ್ಕೋರೇ, ಹೊಸ್ತ್ಲಿಲ್ದೆ ಹೋದ್ರೆ ಹಾವು ಹರ್ಕಂಡು ಒಳಗೆ ಬತ್ತದೆ," ಎಂದ ಜಟ್ಟ.

"ಹರ್ಕಂಡಾದ್ರೂ ಬರ್ಲಿ ಜಟ್ಟ. ಬಂದ್ರೆ ಸಾಕು." ಅವಳ ದನಿಯೂ ದಣಿದಿತ್ತು.

ತ್ರ್ಯಂಬಕನಿಗೆ ಸಿಟ್ಟಿಗಿಂತ ಹೆಚ್ಚಾಗಿ ದುಃಖವಾಯಿತು. ಇದ್ದ ಒಂದು ಮನೆಯೂ ಹಾಳಾಯಿತು. "ಆತು. ಆದ್ರೆ ಇದು ನಾ ಮಾಡಿದ ಮನೆ ಅಂತ ಯಾರ ಹತ್ರಾನೂ ಹೇಳೂದು ಬೇಡ," ಎಂದ.

"ಆತು," ಎಂದಳು.

ಯುಗಾದಿಯ ದಿನ ಗೃಹಪ್ರವೇಶ. ದಾಕ್ಷಿಣ್ಯಕ್ಕೆ ಬಂದ ತ್ರ್ಯಂಬಕ ಗೇರುಮರದ ಕೆಳಗೆ ದೂರವೇ ನಿಂತ. ಕೆಳಗೆ ರಸ್ತೆಯಲ್ಲಿ ಅಕ್ಕೋರ ಧಾರವಾಡದ ನೆಂಟರ ಕಾರು ಬಂದು ನಿಂತು ಕಾಲು ಗಂಟೆಯಾದರೂ ಯಾರೂ ಮೇಲೆ ಬರಲಿಲ್ಲ. ಭಟ್ಟರು ಮುಹೂರ್ತ ಮೀರುತ್ತದೆಂದು ಚಡಪಡಿಸಿದರು.

"ಯಾರಾದ್ರೂ ಹೋಗಿ ಕರ್ಕಂಡು ಬನ್ನಿ."

"ಬೇಡ," ಎಂದಳು ಮಹಾಲಕ್ಷ್ಮೀ. ಅವಳ ಕಣ್ಣು ತುಂಬಿತ್ತು. "ಒಬ್ಳೇ ಬತ್ತಾಳೆ."

ದಾರಿಯ ಕೊನೆಯ ತಿರುವಿನಲ್ಲಿ ಹಸಿರು ಲಂಗ ಕಂಡಿತು. ಮಂತ್ರದ ಪುಸ್ತಕದಿಂದ ಕಣ್ಣೆತ್ತದೆ ಭಟ್ಟರು, "ಬಲಗಾಲು ಮುಂದಿಟ್ಟು ಬಾ ಮಗಾ," ಎಂದರು.

ಪೋಲಿಯೊ ಬಡಿದ ಎರಡೂ ಕಾಲುಗಳನ್ನು ಹಿಂದೆ ಎಳೆಯುತ್ತ, ಇಷ್ಟು ದಿನ ನೆಂಟರ ಮನೆಯಲ್ಲಿದ್ದ ಮಹಾಲಕ್ಷ್ಮಿಯ ಮಗಳು, ಯಾರೂ ಎತ್ತಿಕೊಳ್ಳದೆ, ಬಲಗೈ ಮುಂದಿಟ್ಟು ಒಳಗೆ ಬಂದಳು.