ಹಿಂಬದಿ ಕೋಣೆಯ ಕಿಟಕಿ

ಬಡಗಿ ಹ್ಯಾರ್ಲನ್ ಕಿಟಕಿಯ ಕೆಳಗಿನ ಅರ್ಧವನ್ನು ಎರಡೂ ಅಂಗೈಗಳಿಂದ ಮೇಲಕ್ಕೆ ದೂಡಿದ. ಅದು ಕೂದಲೆಳೆಯಷ್ಟೂ ಅಲುಗಲಿಲ್ಲ. ಸಂದುಗಳಲ್ಲೆಲ್ಲ ವರ್ಷ ವರ್ಷವೂ ಬಳಿದ ಬಣ್ಣ ಗಟ್ಟಿಯಾಗಿ ಕೂತಿತ್ತು.

“ಮರ ಯಾವತ್ತೋ ಕೈಬಿಟ್ಟಿದೆ, ಮೇಡಂ. ಈ ಕಿಟಕೀನ ಹಿಡ್ಕೊಂಡಿರೋದು ಬಣ್ಣ ಒಂದೇ.”

“ಪ್ರತಿ ಈಸ್ಟರ್‌ಗೂ ಬಣ್ಣ ಬಳೀದಿದ್ರೆ ನಮ್ಮತ್ತೆಗೆ ಊಟ ಸೇರ್ತಿರ್ಲಿಲ್ಲ,” ಎಂದಳು ಬರ್ನಡೀನ್. “ಏನಾದ್ರೂ ಮಾಡಿ. ಮಂಗಳವಾರದೊಳಗೆ ಇದು ತೆರೀಬೇಕು.”

ಮಂಗಳವಾರ ಮಕ್ಕಳ ಕಲ್ಯಾಣ ಕಚೇರಿಯ ಹೆಂಗಸು ಮನೆ ನೋಡಲು ಬರುವವಳಿದ್ದಳು. ಹೋದ ಸಲ ಬಂದಾಗ, ಬೆಂಕಿ ಬಿದ್ದರೆ ಹೊರಬರಲು ದಾರಿಯಿಲ್ಲದ ಕೋಣೆಯಲ್ಲಿ ಮಗುವನ್ನು ಮಲಗಿಸುವಂತಿಲ್ಲ ಎಂದು ಹೇಳಿ ಹೋಗಿದ್ದಳು. ಮಗು ಎಂದರೆ ನೋರಾ, ಬರ್ನಡೀನಳ ಮೂರು ವರ್ಷದ ಮೊಮ್ಮಗಳು. ತಾಯಿ ಕಳೆದ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ತಂದೆ ರೋಮನ್, ಬರ್ನಡೀನಳ ಒಬ್ಬನೇ ಮಗ, ಬಾರಿನ ಹೊರಗೆ ಯಾರದೋ ದವಡೆ ಮುರಿದು ಜೈಲಿನಲ್ಲಿದ್ದ. ನೋರಾಳನ್ನು ಸದ್ಯಕ್ಕೆ ಸಾಕುತ್ತಿದ್ದ ದಂಪತಿ ಅವಳನ್ನು ತಮಗೇ ಕೊಟ್ಟುಬಿಡಿ ಎಂದು ಆಗಲೇ ಕೇಳಿಕೊಂಡಿದ್ದರು. ಈ ಮಂಗಳವಾರ ತಪ್ಪಿದರೆ ಕೋರ್ಟು ಅವರ ಮಾತಿಗೇ ಒಪ್ಪಬಹುದಿತ್ತು. ಆದ್ದರಿಂದ ಬರ್ನಡೀನ್ ಕಿಟಕಿಯ ಅಂದಚೆಂದ ಕೇಳಿರಲಿಲ್ಲ. ಮೇಲಿನ ಅರ್ಧ ಕದಲದೆ ಕೆಳಗಿನದು ಮಾತ್ರ ಏಳುವ ಸಾದಾ ಕಿಟಕಿ ಅಂಗಡಿಯಲ್ಲಿ ಸಿದ್ಧವಿದೆ ಎಂದು ಹ್ಯಾರ್ಲನ್ ಹೇಳಿದಾಗ, ಅದೇ ಸಾಕು ಎಂದಿದ್ದಳು.

ಹ್ಯಾರ್ಲನ್ ಚೌಕಟ್ಟಿನ ಮೂಲೆಯಲ್ಲಿ ಬಣ್ಣವನ್ನು ಒಂದಿಷ್ಟು ಕೆರೆದು, ಚೀಲದಿಂದ ಬೀಡಿಯಷ್ಟು ಉದ್ದದ ಪರೀಕ್ಷೆ ಕಡ್ಡಿ ತೆಗೆದು ಅಲ್ಲಿ ತಿಕ್ಕಿದ. ಕಡ್ಡಿಯ ತುದಿ ಕೆಂಪಾಯಿತು.

“ಸೀಸ. ಹಳೇ ಬಣ್ಣಕ್ಕೆ ಈ ವಿಷ ಬೆರೆಸ್ತಿದ್ರು,” ಎಂದ. “ಮಿಲ್ವಾಕಿಯ ಈ ಬೀದೀಲಿ ಎಲ್ಲ ಮನೇದೂ ಇದೇ ಕತೆ. ಕಿಟಕಿ ಮೇಲೆ ಕೆಳಗೆ ಜಾರಿದಾಗೆಲ್ಲ ಪುಡಿ ಉದುರತ್ತೆ, ಕೆಳಗಿನ ಹಲಗೆ ಮೇಲೆ ಕೂರತ್ತೆ. ಎರಡು ದಾರಿ ಇದೆ. ಹಳೇ ಚೌಕಟ್ಟು, ಹಲಗೆ ಹಾಗೇ ಬಿಟ್ಟು ಹೊಸ ಕಿಟಕೀನ ಅದರೊಳಗೇ ಕೂರಿಸಿ ಮೇಲೆ ಬಣ್ಣ ಹೊಡೀಬಹುದು. ಸಂಜೆಗೆ ಮುಗಿಯತ್ತೆ. ಇಲ್ಲ ಅಂದ್ರೆ ಗೋಡೆವರೆಗೂ ಪೂರ್ತಿ ಕೀಳ್ಬೇಕು, ರೂಮು ಮುಚ್ಚಬೇಕು, ತೊಳೀಬೇಕು, ಧೂಳನ್ನ ಲ್ಯಾಬಿಗೆ ಕಳಿಸ್ಬೇಕು. ಮೂರು ವಾರ ಹಿಡಿಯತ್ತೆ.”

“ಸಂಜೆಗೆ ಮುಗಿಯೋದನ್ನೇ ಮಾಡಿ.”

“ಬಣ್ಣ ಒಂದು ವರ್ಷ ತಡೆದೀತು, ಮೇಡಂ. ಮತ್ತೆ ಏಳತ್ತೆ. ಚಿಕ್ಕ ಮಕ್ಕಳ ಮೈಗೆ ಇದು ಸೇರಿದ್ರೆ ಪಾಠ ತಲೆಗೆ ಹತ್ತಲ್ಲ, ಕೂತಲ್ಲಿ ಕೂರಲ್ಲ, ಕೋಪ ಬಂದ್ರೆ ತಡ್ಕೊಳ್ಳೋಕಾಗಲ್ಲ. ಸೇರಿದ್ದು ಪೂರ್ತಿ ಇಳಿಯೋದೂ ಇಲ್ಲ.”

“ನನ್ನ ಮಗ ಚಿಕ್ಕೋನಿದ್ದಾಗ ಏನೂ ಕಂಡದ್ದನ್ನೆಲ್ಲ ಬಾಯಿಗೆ ಹಾಕ್ತಿರ್ಲಿಲ್ಲ. ಅವನ ಮಗಳೂ ಅಷ್ಟೇ. ನಾನಿರ್ತೀನಲ್ಲ ನೋಡ್ಕೊಳ್ಳೋಕೆ,” ಎಂದಳು ಬರ್ನಡೀನ್. ಹ್ಯಾರ್ಲನ್ ಭುಜ ಕುಣಿಸಿ ನೆಲಕ್ಕೆ ಪ್ಲಾಸ್ಟಿಕ್ ಹಾಸತೊಡಗಿದ.

ಆಗ ಫೋನ್ ಬಂತು. ಅದು ರೋಮನ್ ಶನಿವಾರ ಫೋನ್ ಮಾಡುವ ಹೊತ್ತು. ಬರ್ನಡೀನ್ ಬಾಗಿಲ ಬಳಿ ನಿಂತು ಕಿಟಕಿಯ ವಿಷಯ ಹೇಳಿದಳು.

“ನನ್ನ ರೂಮಿಂದಾ?” ರೋಮನನಿಗೆ ಖುಷಿಯಾಯಿತು. “ನೋರಾಗೆ ಅಲ್ಲೇ ಹಾಸಿಗೆ ಹಾಕು, ಅಮ್ಮ. ಬೆಳಕು ಚೆನ್ನಾಗಿರತ್ತೆ. ಆ ಕೆಳಗಿನ ಹಲಗೆ ಇನ್ನೂ ಇದ್ಯಾ?”

“ಇದೆ. ಯಾಕೆ?”

“ಟೀಚರ್ ಫೋನ್ ಮಾಡಿ ದೂರು ಹೇಳಿದಾಗೆಲ್ಲ ನನ್ನ ಒಳಗೆ ಹಾಕಿ ಚಿಲಕ ಹಾಕ್ತಿದ್ಯಲ್ಲ. ರಾತ್ರಿ ಊಟಾನೂ ಇಲ್ಲ. ಆವಾಗ ಮೊಣಕಾಲೂರಿ ಕೂತು ಆ ಹಲಗೆ ಕಡೀತಿದ್ದೆ. ಬಣ್ಣ ಚಕ್ಕೆ ಚಕ್ಕೆಯಾಗಿ ಏಳ್ತಿತ್ತು. ಸಿಹಿ ಇರ್ತಿತ್ತು, ಗೊತ್ತಾ?” ಅವನು ನಕ್ಕ. “ನೀನು ಊಟ ಕೊಡದಿದ್ರೇನಂತೆ, ನಂಗೆ ಸಿಹಿತಿಂಡಿ ಸಿಗ್ತಿತ್ತು.”

ಬರ್ನಡೀನ್ ಕಿಟಕಿಯ ಕೆಳಗಿನ ಹಲಗೆಯತ್ತ ನೋಡಿದಳು. ಒಂದನೇ ತರಗತಿ, ಎರಡನೆಯದು, ಎರಡನೆಯದೇ ಮತ್ತೊಮ್ಮೆ. ಅಕ್ಷರ ಹತ್ತುವುದಿಲ್ಲ ಎಂದು ದೂರು ಬರುತ್ತಿತ್ತು, ಪಕ್ಕದವನಿಗೆ ಹೊಡೆದ ಎಂದು ಬರುತ್ತಿತ್ತು. ದೂರು ಹೆಚ್ಚಿದಷ್ಟೂ ಅವಳು ಚಿಲಕ ಹಾಕಿದ್ದಳು.

“ಹ್ಯಾರ್ಲನ್,” ಎಂದಳು, ಫೋನನ್ನು ಕಿವಿಯಿಂದ ತೆಗೆಯದೆ. “ಪೂರ್ತಿ ಕಿತ್ತುಹಾಕಿ. ಗೋಡೆವರೆಗೂ.”

“ಮಂಗಳವಾರ ಬರ್ತಾರಲ್ಲ?”

“ಬರಬೇಡಿ ಅಂತ ನಾನೇ ಹೇಳ್ತೀನಿ.”

“ಏನಮ್ಮ ಅದು?” ರೋಮನನ ದನಿ ಗಡುಸಾಯಿತು. “ಮಂಗಳವಾರ ಬೇಡ ಅಂದ್ರೆ? ನನ್ನ ಮಗಳನ್ನ ಅವರಿಗೇ ಬಿಟ್ಟುಕೊಡ್ತೀಯಾ, ಒಂದು ಹಲಗೆಗೋಸ್ಕರ? ಯಾಕೆ?”

“ಆ ಬಣ್ಣದಲ್ಲಿ ವಿಷ ಇದೆ ಕಣೋ. ಮಕ್ಕಳಿಗೆ ಒಳ್ಳೇದಲ್ಲ.”

“ಹುಚ್ಚಾ ನಿಂಗೆ? ಹೊತ್ತು ಹೊತ್ತಿಗೂ ಅದನ್ನೇ ತಿಂದು ಬೆಳೆದೋನು ನಾನು. ಏನಾಯ್ತು ನಂಗೆ? ಹೇಳು, ಏನಾಯ್ತು?”

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಇಬ್ಬರ ನಡುವೆ ಯಂತ್ರದ ಹೆಣ್ಣುದನಿಯೊಂದು ನಯವಾಗಿ ಬಂದು ಹೇಳಿತು: “ಈ ಕರೆ ರಾಜ್ಯದ ಬಂದೀಖಾನೆಯಿಂದ ಬಂದಿದೆ. ಮಾತಿಗೆ ಇನ್ನು ಒಂದು ನಿಮಿಷ ಉಳಿದಿದೆ.”