ಸಂದು ತಪ್ಪಿದ ಬೆಸುಗೆ

ಮುಂಚಕ್ರ ಹಿಡಿಯುವ ಫೋರ್ಕಿನ ಬೆಸುಗೆಯ ಮೇಲೆ ಉಗುರು ಎಳೆಯುತ್ತಿದ್ದ ಮಗಳ ಕೈ ತಟ್ಟನೆ ನಿಂತಿತು. ತಾನು ಮನೆಯಲ್ಲೇ ಕಟ್ಟುತ್ತಿದ್ದ ಎಲೆಕ್ಟ್ರಿಕ್ ಬೈಕಿನ ಮೋಟಾರು ಭಾರ, ಅಂಗಡಿಯ ಫೋರ್ಕು ತಡೆಯದು ಎಂದು ಅವಳೇ ಇದರ ನಕ್ಷೆ ಬರೆದಿದ್ದಳು. ಮೂವತ್ತು ವರ್ಷ ವೆಲ್ಡಿಂಗ್ ಮಾಡಿದ ಅಪ್ಪ ದೇವರ ಹೆಸರು ಹೇಳಿ ಬೆಸೆದಿದ್ದ. ಬೆಸುಗೆ ಮುತ್ತು ಪೋಣಿಸಿದಷ್ಟು ಚೆಂದವಾಗಿತ್ತು. ಆದರೆ ಎರಡು ಕೊಳವೆಗಳು ಕೂಡುವ ಸಂದಿನ ಮೇಲಿರದೆ, ಅಕ್ಕಿಕಾಳಿನಷ್ಟು ಪಕ್ಕಕ್ಕೆ ಕೂತಿತ್ತು.

"ಏನಮ್ಮಾ, ಬಾಯಿಗೆ ಬೀಗ ಹಾಕ್ಕೊಂಡೆ? ಅಪ್ಪನ ಕೆಲಸದಲ್ಲಿ ಹುಳುಕು ಹುಡುಕ್ತಿದ್ದೀಯಾ?" ಎಂದು ಅಪ್ಪ ನಕ್ಕ.

ಅವಳು ಅವನ ಬೆರಳು ಹಿಡಿದು ಬೆಸುಗೆಯ ಅಂಚಿಗೆ ತಂದಿಟ್ಟಳು. ಬಾಯ್ದೆರೆದ ಸಂದು ಬೆರಳಿಗೆ ತಾಕಿದ್ದೇ ತಡ, ಅಪ್ಪನ ನಗು ಆರಿತು.

"ಕನ್ನಡಕ ಹಾಕ್ಕೊಂಡೇ ಮಾಡಿದ್ದು ಕಣೇ."

"ಗೊತ್ತು ಬಿಡಪ್ಪ. ಕೊಯ್ದು ಮತ್ತೆ ಮಾಡಿದ್ರಾಯ್ತು. ಇನ್ನೂ ಯಾರೂ ಹತ್ತಿಲ್ವಲ್ಲ."

ಆ ಮಾತಿಗೆ ಅವನ ಮುಖ ಬಿಳಿಚಿಕೊಂಡಿತು. "ಹೋದ ತಿಂಗಳು ಸ್ಕೂಲಿನ ಉಯ್ಯಾಲೆ ಬೆಸೆದಿದ್ದೂ ಇದೇ ಕಣ್ಣಲ್ಲೇ," ಎಂದ.

ಮಕ್ಕಳನ್ನು ಆಟಕ್ಕೆ ಬಿಡುವ ಹೊತ್ತು ಅದು. ಅಪ್ಪ ಚಪ್ಪಲಿ ಮೆಟ್ಟುವುದನ್ನೂ ಮರೆತು ಬೀದಿಗಿಳಿದು ಓಡಿದ.